ಆಟಮ್ ಬಾಕ್ಸ್: ಡಬ್ಬಿಗೆ ಎಂಟು ಅಂಕ, ಎಲೆಗೆ ಎರಡು

ಮೊದಲೇ ಹೇಳಿಬಿಡ್ತೀನಿ, 1,299 ರೂಪಾಯಿಗೆ ಈ ಡಬ್ಬಿ ದುಬಾರಿ. ಆದರೂ ವಾಪಸ್ ಕಳಿಸಲಿಲ್ಲ. ಒಳಗಿದ್ದ ಸಾಮಾನಿನಲ್ಲಿ ಎರಡು ಮೂರು ನಿಜಕ್ಕೂ ಚಲೋ ಇದ್ದವು. ಒಂದನ್ನಂತೂ ಬಿಚ್ಚಿದ ಕೂಡಲೇ ಮಗಳ ಕಣ್ಣಿಗೆ ಬೀಳದಂತೆ ಎತ್ತಿಟ್ಟೆ. ಅದರ ಕಥೆ ಮುಂದೆ.

ಸಣ್ಣ ಮಕ್ಕಳ ‘ಸೆನ್ಸರಿ ಪ್ಲೇ’ಗೆ ಅಂತ ಈಗ ತಿಂಗಳಿಗೊಂದು ಥೀಮ್ ಡಬ್ಬಿ ಮಾರುತ್ತಾರೆ. ಗೋರಿ, ಸುರಿದು, ಹಿಚುಕಿ, ಮೂಸಿ ಆಡೋ ಆಟ. ನಾನು ತರಿಸಿದ್ದು ಆಟಮ್‌ದು, ಅಂದರೆ ಎಲೆ ಉದುರೋ ಕಾಲದ್ದು. ನಮ್ಮ ಮಗಳಿಗೆ ಮೂರೂವರೆ ವರ್ಷ. ನಾನು ಬ್ಯಾಂಕಿನಿಂದ ಮನೆಗೆ ಬರುವಷ್ಟರಲ್ಲಿ ಅವಳು ಫೋನಿಗೆ ಅಂಟಿಕೊಂಡಿರುತ್ತಿದ್ದಳು, ಅದನ್ನು ಬಿಡಿಸಬೇಕಿತ್ತು. ಕೊಪ್ಪಳದ ಪಿನ್‌ಕೋಡ್ ಹಾಕಿದರೆ ಬರುತ್ತೋ ಇಲ್ಲೋ ಅಂತ ಅನುಮಾನವಿತ್ತು. ದಸರೆಗೆ ಮುಂಚೆಯೇ ಬಂತು, ಪ್ಯಾಕಿಂಗ್ ಗಟ್ಟಿಯಾಗಿತ್ತು.

ಡಬ್ಬಿ ಮೇಲೆ ಬೋಳು ಮರ, ಕೆಂಪು ಎಲೆ, ಬೂಟು ಹಾಕಿಕೊಂಡ ಹುಡುಗ. ಆ ಹೊತ್ತಿಗೆ ನಮ್ಮ ಹೊರಗೆ ಒಂದು ಮರವೂ ಬೋಳಾಗಿರಲಿಲ್ಲ. ಮಳೆ ಮುಗಿದು ಹೊಲವೆಲ್ಲ ಹಸಿರಾಗಿ, ತೊಗರಿ ಬೆಳೆದು ನಿಂತಿತ್ತು. ಇದಕ್ಕೆ ಕಂಪನಿಯವರನ್ನು ಬೈಯ್ಯೋದಿಲ್ಲ, ಆಟಮ್ ಅಂತ ಹೆಸರು ನೋಡಿಯೇ ದುಡ್ಡು ಕಟ್ಟಿದ್ದು. ಮೂರೂವರೆ ವರ್ಷದವಳಿಗೆ ಅದು ಯಾವ ದೇಶದ ಕಾಲ ಅನ್ನೋದರ ಗೊಡವೆಯೂ ಇಲ್ಲ. ಅವಳಿಗೆ ಬೇಕಾದದ್ದು ಕೈಯಲ್ಲಿ ಹಿಡಿದಾಗ ಅದು ಏನು ಮಾಡುತ್ತೆ ಅನ್ನೋದು. ನಾನೂ ಅದೇ ತಕ್ಕಡಿಯಲ್ಲಿ ತೂಗಿ ಬರೀತಿದ್ದೀನಿ.

ಪೂರ್ತಿ ಅಂಕ ಪೈನ್ ಮರದ ಕಾಯಿಗೆ. ಮೂರು ಕೊಟ್ಟಿದ್ದರು, ಮೂರೂ ಅಸಲಿ. ಕಂದು ಬಣ್ಣ, ಪದರ ಪದರ, ಪ್ರತಿ ಪದರದ ತುದಿ ಚೂಪು. ಮುಷ್ಟಿಯಲ್ಲಿ ಹಿಡಿದು ತಿರುವಿದರೆ ಅಂಗೈ ಕಚಗುಳಿ. ಅಷ್ಟೇ ಆಗಿದ್ದರೆ ಎರಡು ದಿನಕ್ಕೆ ಬೇಜಾರಾಗುತ್ತಿತ್ತು. ಇದರಲ್ಲಿ ಒಂದು ಜಾದೂ ಇದೆ, ಡಬ್ಬಿಯ ಕಾರ್ಡಿನಲ್ಲಿ ಅದನ್ನು ಬರೆದೇ ಇಲ್ಲ. ಅರಳಿದ ಕಾಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟರೆ ಪದರಗಳು ಮೆಲ್ಲಗೆ ಒಳಗೆ ಬಾಗಿ ಇಡೀ ಕಾಯಿ ಮುಚ್ಚಿಕೊಳ್ಳುತ್ತೆ. ತೆಗೆದು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರೆ ಮತ್ತೆ ಅರಳುತ್ತೆ. ಆ ಮರದ ಬೀಜಕ್ಕೆ ಸಣ್ಣ ರೆಕ್ಕೆ ಇರುತ್ತೆ, ಒಣ ಗಾಳಿಯಲ್ಲಿ ಹಾರಿದರೆ ದೂರ ಹೋಗಿ ಬೀಳುತ್ತೆ. ಅದಕ್ಕೇ ಹಸಿ ಇದ್ದಾಗ ಬಾಗಿಲು ಹಾಕಿ, ಒಣಗಿದಾಗ ತೆಗೆಯೋ ಏರ್ಪಾಟು. ಪದರದ ಹೊರಮೈ ನೀರು ಕುಡಿದು ಒಳಮೈಗಿಂತ ಜಾಸ್ತಿ ಉಬ್ಬುತ್ತೆ, ಹಾಗಾಗಿ ಪದರ ಒಳಕ್ಕೆ ಬಾಗುತ್ತೆ. ಇದರಲ್ಲಿ ಜೀವದ ಕೆಲಸ ಏನೂ ಇಲ್ಲ. ಮರದಿಂದ ಬಿದ್ದು ಎಷ್ಟು ದಿನವಾದರೂ ನಡೆಯುತ್ತೆ.

ಮಗಳು ಬೋಗುಣಿ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದಳು. ಕಣ್ಣೆದುರಿಗೆ ಏನೂ ಆಗಲಿಲ್ಲ ಅಂತ ಬೇಸರವಾಗಿ ಎದ್ದು ಹೋದಳು. ಊಟ ಮಾಡಿ ಬಂದು ನೋಡಿ, “ಅವ್ವಾ, ಅದು ಬಾಯಿ ಮುಚ್ಚೇತಿ!” ಅಂತ ಕೂಗಿದಳು. ಆಮೇಲೆ ದಿನಾ ಅದೇ ಕೆಲಸ. ರಾತ್ರಿ ಮುಳುಗಿಸೋದು, ಬೆಳಿಗ್ಗೆ ಅಜ್ಜಿಯ ಹಪ್ಪಳದ ಪಕ್ಕ ಒಣಗಲು ಇಡೋದು. ನಮ್ಮ ಕೊಪ್ಪಳದ ಬಿಸಿಲು ಇಂಥದ್ದಕ್ಕೆ ಹೇಳಿ ಮಾಡಿಸಿದ್ದು, ಮಧ್ಯಾಹ್ನದೊಳಗೆ ಕಾಯಿ ಬಾಯಿ ಬಿಡೋಕೆ ಶುರು.

ಓಕ್ ಮರದ ಕಾಯಿಯೂ ಚಲೋ. ನುಣುಪು ಮೈ, ತಲೆಗೆ ಒರಟು ಟೊಪ್ಪಿಗೆ. ಟೊಪ್ಪಿಗೆ ತೆಗೆದು ಹಾಕಿ ಮಾಡಬಹುದು. ಆದರೆ ಗಾತ್ರ ನೋಡಿ ಕೊಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಅಳತೆಯಿದೆ: 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಕೂರುವ ವಸ್ತು ಆ ವಯಸ್ಸಿನವರಿಗೆ ಕೊಡುವಂತಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಈ ಕಾಯಿ ಆ ಅಳತೆಗಿಂತ ಸಣ್ಣದು. ನಮ್ಮ ಪಕ್ಕದ ಮನೆಯ ಒಂದೂವರೆ ವರ್ಷದ ಪುಟ್ಟ ಆಡಲು ಬಂದರೆ ಇವೆಲ್ಲ ಮೇಲಿನ ಶೆಲ್ಫಿಗೆ ಹೋಗುತ್ತವೆ.

ಕಟ್ಟಿಗೆಯ ಚಿಮಟ ಮತ್ತು ಎರಡು ಸಣ್ಣ ಸೌಟು, ಇವಕ್ಕೆ ಕಣ್ಣು ಮುಚ್ಚಿ ಅಂಕ ಕೊಡ್ತೀನಿ. ಅಂಚು ನಯವಾಗಿ ಉಜ್ಜಿದ್ದಾರೆ. ಚಿಮಟದ ಸ್ಪ್ರಿಂಗು ಸಣ್ಣ ಕೈಗೆ ತಕ್ಕಷ್ಟು ಮೆತ್ತಗಿದೆ, ಪೆನ್ಸಿಲ್ ಹಿಡಿಯೋಕೆ ಬೇಕಾದ ಬೆರಳುಗಳಿಗೆ ಕಸರತ್ತು. ತಟ್ಟೆಯೂ ಗಟ್ಟಿ, ಅಂಚು ಎತ್ತರ, ಮುಚ್ಚಳ ಬಿಗಿ. ಆಟ ಮುಗಿದ ಮೇಲೆ ಹಾಗೇ ಮುಚ್ಚಿ ಮಂಚದ ಕೆಳಗೆ ತಳ್ಳಿದರಾಯ್ತು.

ಇನ್ನು ಬಣ್ಣದ ಅಕ್ಕಿ. ಕೇಸರಿ, ಹಳದಿ, ಕಂದು, ಒಟ್ಟು ಒಂದು ಕೇಜಿ. ನೋಡೋಕೆ ಚೆಂದ. ಅಕ್ಕಿ ತಟ್ಟೆಗೆ ಬಿದ್ದ ಸಪ್ಪಳಕ್ಕೆ ಅತ್ತೆ ಅಡುಗೆಮನೆಯಿಂದ ಬಂದರು.

“ಏನವಾ ಇದು, ಉಣ್ಣೋ ಅಕ್ಕಿಗೆ ಬಣ್ಣ ಬಳದಾರ? ನಾಳೆ ಇದು ಕಾಲಾಗ ಬಿದ್ರ ತುಳೀಬೇಕೇನು?”

ನನ್ನ ಬಾಯಿ ಕಟ್ಟಿತು. ಅವರು ಹೇಳಿದ್ದು ತಪ್ಪು ಅನ್ನಿಸಲಿಲ್ಲ. ಗಂಗಾವತಿ ಅಕ್ಕಿ ತಿಂದು ಬೆಳೆದ ಜಿಲ್ಲೆಯವರಿಗೆ ಅಕ್ಕಿ ಕಸಬರಿಗೆಯಿಂದ ಗುಡಿಸೋದು ಮನಸ್ಸಿಗೆ ಬರೋದಿಲ್ಲ. ಅದೂ ಅಲ್ಲದೆ ಮಗಳ ಬೆವರಿದ ಅಂಗೈಗೆ ಕೇಸರಿ ಹತ್ತಿಕೊಂಡು ಆ ಕೈ ಸೋಫಾಕ್ಕೂ ಹತ್ತಿತು. ‘ಬಣ್ಣ ಬಿಡುವುದಿಲ್ಲ’ ಅಂತ ಚೀಟಿಯಲ್ಲಿದೆ, ಅದು ಸುಳ್ಳು.

ಅಕ್ಕಿ ತೆಗೆದು ಶೇಂಗಾ ಸಿಪ್ಪಿ ತುಂಬಿದೆವು. ಅತ್ತೆಯದೇ ಐಡಿಯಾ. ಹೊಸ ಶೇಂಗಾ ಬಂದಿತ್ತು, ಚಟ್ನಿಪುಡಿಗೆ ಅಂತ ಸುಲಿದಿದ್ದರು. ಒಣ ಎಲೆ ತುಳಿದಾಗ ಬರೋ ಚರಚರ ಸದ್ದು ಬೇಕು ಅಂತ ಡಬ್ಬಿಯವರು ಬರೆದಿದ್ದಾರಲ್ಲ, ಅದು ಅವರ ಬಟ್ಟೆ ಎಲೆಯಲ್ಲಿ ಬರಲಿಲ್ಲ, ಶೇಂಗಾ ಸಿಪ್ಪಿಯಲ್ಲಿ ಬಂತು. ಮಗಳು ಬರಿಗಾಲಲ್ಲೇ ತಟ್ಟೆಯೊಳಗೆ ಇಳಿದಳು. ಸಿಪ್ಪಿ ತುಳಿದರೆ ಅಜ್ಜಿಯ ತಕರಾರಿಲ್ಲ. ಮಾಡೋರು ಗಮನಿಸಿ: ಬೂಸ್ಟು ಹಿಡಿದ ಹಳೇ ಸಿಪ್ಪಿ ಬೇಡ, ಜರಡಿ ಹಿಡಿದು ಧೂಳು ತೆಗೆದು ಒಂದು ಬಿಸಿಲು ಕೊಡಿ. ಶೇಂಗಾ ಅಲರ್ಜಿ ಇರೋ ಮಕ್ಕಳ ಹತ್ತಿರ ತರಲೇಬೇಡಿ.

ಕಾಳೇ ಬೇಕು ಅಂದರೆ ಗೊಂಜಾಳದ ತೆನೆ ಕೊಡಿ, ಮಗು ಒಂದೊಂದೇ ಕಾಳು ಬಿಡಿಸಲಿ. ಚಿಮಟಕ್ಕಿಂತ ದೊಡ್ಡ ಕಸರತ್ತು ಅದು. ಬಿಡಿಸಿದ ಕಾಳು ತೊಳೆದು ಅಡುಗೆಗೆ ಹೋಗುತ್ತೆ, ಯಾರಿಗೂ ಪಾಪ ಹತ್ತೋದಿಲ್ಲ. ಆದರೆ ಹೊಲದ ಬದುವಿನಲ್ಲಿ ಸಿಕ್ಕ ಚೆಂದದ ಬೀಜವನ್ನೆಲ್ಲ ತಂದು ತಟ್ಟೆಗೆ ಹಾಕಬೇಡಿ. ಔಡಲ ಬೀಜ ಮತ್ತು ಗುಲಗಂಜಿ ಎರಡೂ ನೋಡಲು ಆಟದ ಮಣಿಯಂತೆಯೇ ಇವೆ, ಎರಡೂ ಅಗಿದು ನುಂಗಿದರೆ ಜೀವಕ್ಕೆ ಅಪಾಯದ ವಿಷ.

ಎಲೆಗೆ ಎರಡು ಅಂಕ ಅಂದೆನಲ್ಲ. ಮೇಪಲ್ ಎಲೆ, ಇಪ್ಪತ್ತನಾಲ್ಕು, ಪಾಲಿಯೆಸ್ಟರ್ ಬಟ್ಟೆ. ಎಲ್ಲಕ್ಕೂ ಒಂದೇ ಆಕಾರ, ಒಂದೇ ಅಚ್ಚು. ವಾಸನೆ ಹೊಸ ಮಳೆಕೋಟಿನದು. ಕಾರ್ಡಿನಲ್ಲಿ ‘ಎಲೆಯ ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜಿ’ ಅಂತ ಬರೆದಿದ್ದಾರೆ. ಉಜ್ಜಿದೆವು. ಬಂದದ್ದು ಬಟ್ಟೆಯ ನೇಯ್ಗೆ, ನರ ಒಂದೂ ಇಲ್ಲ. ಗುಡಿಯ ಕಟ್ಟೆಯಿಂದ ಅರಳಿ ಎಲೆ ತಂದು ಬೆನ್ನು ಮೇಲೆ ಮಾಡಿ ಉಜ್ಜಿದರೆ ನಡುವಿನ ದಪ್ಪ ನರದಿಂದ ಹಿಡಿದು ಅಂಚಿನ ಕೂದಲೆಳೆಯಂಥ ನರದವರೆಗೆ ಎಲ್ಲ ಮೂಡಿತು.

ಎಲೆ ಯಾಕೆ ಹಳದಿಯಾಗುತ್ತೆ ಅನ್ನೋದನ್ನು ಕಾರ್ಡು ಸರಿಯಾಗಿಯೇ ಹೇಳಿದೆ: ಹಸಿರು ಕೊಡೋ ಪತ್ರಹರಿತ್ತು ಕರಗಿದಾಗ ಕೆಳಗೆ ಅಡಗಿದ್ದ ಹಳದಿ ಕಾಣುತ್ತೆ, ಕೆಲವು ಮರಗಳು ಆಗ ಹೊಸದಾಗಿ ಕೆಂಪನ್ನೂ ಮಾಡುತ್ತವೆ. ಅಲ್ಲಿ ಮರ ಎಲೆ ಉದುರಿಸೋದು ಚಳಿಗೆ ಹೆದರಿ, ನಮ್ಮಲ್ಲಿ ಹೆಚ್ಚಾಗಿ ನೀರು ಉಳಿಸೋಕೆ. ಆದ್ದರಿಂದ ನಮ್ಮ ಎಲೆ ಉದುರೋ ಕಾಲ ಚಳಿ ಮುಗಿಯೋ ಹೊತ್ತಿಗೆ ಬರುತ್ತೆ. ಸಾಲಿ ಕಂಪೌಂಡಿನ ಬದಾಮಿ ಗಿಡ ಆಗ ನೋಡಬೇಕು, ಅಂಗೈಗಿಂತ ಅಗಲದ ಎಲೆ ರಕ್ತಗೆಂಪು. ಡಬ್ಬಿಯ ಚಿತ್ರಕ್ಕೆ ಅದರಷ್ಟು ಹತ್ತಿರದ್ದು ನಮ್ಮೂರಲ್ಲಿ ಬೇರೆ ಕಾಣೆ. ಅಕ್ಟೋಬರ್‌ನಲ್ಲಿ ಎಲೆ ಬೇಕೇ ಬೇಕಂದರೆ ದಸರೆಯ ಬನ್ನಿ ಇದೆಯಲ್ಲ. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅಂತ ಮನೆಗೆ ಬಂದವರೆಲ್ಲ ಕೊಟ್ಟು ಹೋದ ರಾಶಿ ತಟ್ಟೆ ತುಂಬ ಆಯಿತು. ಆ ಪುಟಾಣಿ ಎಲೆ ಕಡ್ಡಿಯಿಂದ ಸೋಸೋದರಲ್ಲಿ ಮಗಳು ಮಧ್ಯಾಹ್ನ ಪೂರ್ತಿ ಕಳೆದಳು. ಬನ್ನಿಗೆ ಮುಳ್ಳಿರುತ್ತೆ, ಕಡ್ಡಿ ಒಮ್ಮೆ ನೋಡಿ ಕೊಡಿ.

ಡಬ್ಬಿಯಲ್ಲಿ ಇಲ್ಲದ ಒಂದು ಆಟ ಹೇಳ್ತೀನಿ, ಇದನ್ನು ಅವರೇ ಸೇರಿಸಬಹುದಿತ್ತು. ಬಿಳಿ ಹಾಳೆಯನ್ನು ಎಲೆಯಾಕಾರ ಕತ್ತರಿಸಿ ಅರಿಶಿನದ ನೀರು ಬಳಿದು ಒಣಗಿಸಿ. ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಬ್ರಶ್ ಅದ್ದಿ ಆ ಎಲೆಯ ಮೇಲೆ ಎಳೆದರೆ ಹಳದಿ ಹೋಗಿ ಕೆಂಪುಗಂದು. ಮೇಲೆ ನಿಂಬೆರಸ ಹನಿಸಿದರೆ ವಾಪಸ್ ಹಳದಿ. ಆರತಿಗೆ ಅರಿಶಿನ, ಸುಣ್ಣ ಕದಡಿ ಕೆಂಪು ನೀರು ಮಾಡ್ತೀವಲ್ಲ, ಅದೇ ವಿದ್ಯೆ. ಮಕ್ಕಳ ಕೈಗೆ ಸುಣ್ಣ ಬೇಡ, ಸುಡುತ್ತೆ, ಸೋಡಾ ಸಾಕು.

ಫೆಲ್ಟ್ ಬಟ್ಟೆಯ ಎರಡು ಕುಂಬಳಕಾಯಿ ಕೊಟ್ಟಿದ್ದರು. ಮಗಳು ಆಯುಧಪೂಜೆಗೆ ಅಪ್ಪನ ಬೈಕಿನ ಮುಂದೆ ಕುಂಬಳಕಾಯಿ ಒಡೆದದ್ದು ನೋಡಿದ್ದಳು. ತನ್ನ ಟ್ರೈಸಿಕಲ್ ಮುಂದೆ ಇದನ್ನಿಟ್ಟು, ದೇವರ ಮನೆಯಿಂದ ಕುಂಕುಮ ತಂದು ಸುರುವಿ, ಎತ್ತಿ ನೆಲಕ್ಕೆ ಬಡಿದಳು. ಪುಟಿದು ಸೋಫಾದ ಕೆಳಗೆ ಹೋಯಿತು. ಒಡೀಲಿಲ್ಲ ಅಂತ ಅತ್ತಳು. ಕುಂಕುಮದ ಕಲೆ ತೊಳೆದರೂ ಹೋಗಿಲ್ಲ.

ದಾಲ್ಚಿನ್ನಿ ವಾಸನೆಯ ಹಿಟ್ಟಿನ ಮುದ್ದೆ ನಮ್ಮ ಒಣ ಹವೆಗೆ ಬೇಗ ಬಿರುಕು ಬಿಟ್ಟಿತು. ಎರಡು ಹನಿ ಎಣ್ಣೆ, ಸ್ವಲ್ಪ ನೀರು ಹಾಕಿ ನಾದಿದರೆ ಸರಿಹೋಗುತ್ತೆ.

ಈಗ ಎತ್ತಿಟ್ಟ ವಸ್ತು. ಕೇಸರಿ ಬಣ್ಣದ ನೀರಿನ ಮಣಿ, ಅಂಗಡಿಯಲ್ಲಿ ಜೆಲ್ಲಿ ಬಾಲ್ ಅಂತಾರೆ. ಒಣಗಿದ್ದಾಗ ಸಾಸಿವೆಯಷ್ಟು, ನೀರಲ್ಲಿ ಹಾಕಿದರೆ ಉಬ್ಬಿ ಬೇಯಿಸಿದ ಸಾಬೂದಾಣಿಯ ಹಾಗೆ ಕಾಣುತ್ತೆ, ಮಕ್ಕಳು ಬಾಯಿಗೆ ಹಾಕಿಕೊಳ್ಳೋದೂ ಅದಕ್ಕೇ. ನುಂಗಿದ ಮಣಿ ಕರುಳಲ್ಲಿ ಇನ್ನೂ ಉಬ್ಬಿ ದಾರಿ ಕಟ್ಟಿಬಿಡಬಹುದು. ಆಪರೇಷನ್ ಮಾಡಿ ತೆಗೆದ ಉದಾಹರಣೆಗಳಿವೆ, ಮಕ್ಕಳು ಸತ್ತಿದ್ದೂ ಇದೆ. ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ ಮೂರೂ ಮಕ್ಕಳಿಗಾಗಿ ಮಾರುವ ನೀರಿನ ಮಣಿಗಳನ್ನು ನಿಲ್ಲಿಸುವುದಾಗಿ ಹೇಳಿದವು. ಅದಾದ ಮೇಲೂ ನಮ್ಮ ಮಕ್ಕಳ ಡಬ್ಬಿಯಲ್ಲಿ ‘ಬೋನಸ್’ ಅಂತ ಸಣ್ಣ ಪೊಟ್ಟಣ. ಎಚ್ಚರಿಕೆ ಇಂಗ್ಲಿಷಿನಲ್ಲಿ, ಇರುವೆಯ ಗಾತ್ರದ ಅಕ್ಷರದಲ್ಲಿ. ಅದನ್ನು ಅತ್ತೆ ಓದಲಾರರು, ಹಗಲೆಲ್ಲ ಮಗು ಇರೋದು ಅವರ ಹತ್ತಿರ.

ಐಎಸ್‌ಐ ಗುರುತನ್ನೂ ಹುಡುಕಿದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗೆ ಅದು ಕಡ್ಡಾಯ. ಈ ಡಬ್ಬಿಯ ಯಾವ ಮೂಲೆಯಲ್ಲೂ ನನಗೆ ಸಿಗಲಿಲ್ಲ. ಕೇಳಿ ಮೇಲ್ ಹಾಕಿದ್ದಕ್ಕೆ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಉತ್ತರ. ನೋಂದಾಯಿತ ಕರಕುಶಲಕರ್ಮಿಗಳ ಗೊಂಬೆಗೂ ಭೌಗೋಳಿಕ ಗುರುತು ಸಿಕ್ಕ ಗೊಂಬೆಗೂ ಆ ನಿಯಮದಿಂದ ವಿನಾಯಿತಿ ಇದೆ. ನಮ್ಮ ಕಿನ್ನಾಳದ ಗೊಂಬೆ ಅಂಥದ್ದು. ಹಗುರ ಮರ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಲ್ಲಿ ಕೂಡಿಸಿ ಮಾಡಿದ ಹಣ್ಣು, ಹಕ್ಕಿ ಈ ತಟ್ಟೆಯಲ್ಲಿ ಚೆನ್ನಾಗಿ ಕೂರುತ್ತವೆ. ಆದರೆ ನೀರಾಟಕ್ಕೆ, ಇನ್ನೂ ಕಡಿಯೋ ವಯಸ್ಸಿನ ಕೂಸಿಗೆ ಅವು ಬೇಡ, ಮೇಲಿನ ಬಣ್ಣ ಹಾಳಾಗುತ್ತೆ.

ಹಾಗಾದರೆ ತಗೋಬೇಕಾ? ಮಗುವಿಗೆ ಮೂರು ದಾಟಿದ್ದರೆ, ಜೊತೆಗೆ ಕೂರಲು ಒಬ್ಬರಿದ್ದರೆ, 700-800 ರೂಪಾಯಿಗೆ ಆಫರ್‌ನಲ್ಲಿ ಸಿಕ್ಕರೆ ತಗೊಳ್ಳಿ. ತಟ್ಟೆ, ಚಿಮಟ, ಪೈನ್ ಕಾಯಿ ವರ್ಷಗಟ್ಟಲೆ ಬರುತ್ತವೆ. ಪೂರ್ತಿ ರೇಟಿಗೆ ಬೇಡ. ಪ್ಯಾಟಿಯಲ್ಲಿ ಅಗಲದ ಪ್ಲಾಸ್ಟಿಕ್ ಟಬ್ಬು, ಎರಡು ಸೌಟು ಕೊಂಡರೂ ಅರ್ಧ ಆಟ ನಡೆಯುತ್ತೆ, ಪೈನ್ ಕಾಯಿಯನ್ನು ಊಟಿ ಕಡೆ ಹೋದವರಿಗೆ ಹೇಳಿ ತರಿಸಬಹುದು.

ಅದೇ ಕಂಪನಿಯ ‘ವಿಂಟರ್ ಬಾಕ್ಸ್’ ಮೆಸೇಜು ಆಗಲೇ ಬಂದಿದೆ. ಚಿಮಟ ಹೊಸ ನಮೂನೆಯದು, ಮಗಳು ಚಿತ್ರ ನೋಡಿ ಬೇಕು ಅಂತ ಹಟ ಹಿಡಿದಳು. ಸಾಮಾನಿನ ಪಟ್ಟಿ ಓದಿದೆ. ಹಿಮದ ಉಂಡೆ ಅಂತ ಮತ್ತೆ ಅದೇ ನೀರಿನ ಮಣಿ, ಈ ಸಲ ಎರಡು ಪೊಟ್ಟಣ. ಆರ್ಡರ್ ಮಾಡಲಿಲ್ಲ.