ಹಾಡು ಕಲಿಯುವವರಿಗೆ ಆಡಾಸಿಟಿ: ಕಿವಿಗೆ ಒದಗುತ್ತದೆ, ಬರವಣಿಗೆಗೆ ಒದಗದು

ಧ್ವನಿಮುದ್ರಣ ಕೇಳಿ ಕೃತಿಯನ್ನೋ ಭಾವಗೀತೆಯನ್ನೋ ಕಲಿಯುವವರಿಗೆ ತಂತ್ರಾಂಶದಿಂದ ಏನು ಬೇಕು ಎಂದು ಶಿಷ್ಯರನ್ನೂ ಜೊತೆಗಾರ ಗಾಯಕರನ್ನೂ ವಿಚಾರಿಸಿದರೆ ಉತ್ತರಗಳು ಹೆಚ್ಚು ಚದುರುವುದಿಲ್ಲ. ಶ್ರುತಿ ಕೆಡದೆ ವೇಗ ತಗ್ಗಬೇಕು, ಹಾಡಿದವರ ಶ್ರುತಿ ನಮ್ಮ ಶ್ರುತಿಗೆ ಬರಬೇಕು, ಒಂದೇ ಸಂಗತಿ (ಹಾಡಿನ ಸಾಲೊಂದನ್ನು ಬದಲಿಸಿ ಹಾಡುವ ರೂಪ) ಮತ್ತೆ ಮತ್ತೆ ಕೇಳಿಸಬೇಕು, ಕೇಳಿದ್ದನ್ನು ತಾಳಕ್ಕೆ ಕೂಡಿಸಿ ಬರೆದಿಡಲು ಬರಬೇಕು. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ, 2021ರಿಂದ ಮ್ಯೂಸ್ ಗ್ರೂಪ್ ಸಂಸ್ಥೆಯ ಅಧೀನದಲ್ಲಿದ್ದರೂ ಉಚಿತವಾಗಿಯೇ ಉಳಿದಿರುವ, ಧ್ವನಿಯನ್ನು ಮುದ್ರಿಸಿ ತಿದ್ದುವ ಗಣಕಯಂತ್ರದ ತಂತ್ರಾಂಶ ಆಡಾಸಿಟಿಯನ್ನು ಈ ಬೇಡಿಕೆಗಳ ಒರೆಗೆ ಹಚ್ಚಿ ನೋಡಿದ್ದೇನೆ.

ಮೊದಲನೆಯದರಲ್ಲಿ ಅದು ಚೆನ್ನಾಗಿಯೇ ಗೆಲ್ಲುತ್ತದೆ. ತೋಡಿ ರಾಗದ ಗಾಂಧಾರ ಸ್ವರವು ರಿಷಭ ಮಧ್ಯಮಗಳ ನಡುವೆ ತೂಗುವ ಬಗೆ ಹೊಸಬರ ಕಿವಿಗೆ ಸಹಜ ವೇಗದಲ್ಲಿ ಸಿಕ್ಕುವುದಿಲ್ಲ. 'ಚೇಂಜ್ ಟೆಂಪೊ' ಬಳಸಿ ವೇಗವನ್ನು ಶೇ. 40ರಷ್ಟು ಇಳಿಸಿದರೆ ಆ ತೂಗಾಟ ಎಲ್ಲಿ ಹೊರಟು ಎಲ್ಲಿ ತಾಗಿ ಮರಳುತ್ತದೆ ಎಂಬುದು ಬಿಡಿಸಿಟ್ಟಂತೆ ಕೇಳುತ್ತದೆ. ಇನ್ನೂ ಇಳಿಸಿದರೆ ಮೃದಂಗದ ಪೆಟ್ಟುಗಳು ಕದಡಿಹೋಗಿ ಲಯದ ಸೂಕ್ಷ್ಮ ಮರೆಯಾಗುತ್ತದೆ. ಆದ್ದರಿಂದ ಅರ್ಧ ವೇಗಕ್ಕಿಂತ ಕೆಳಗೆ ಹೋಗದಿರುವುದು ಲೇಸು.

ಶ್ರುತಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದ ಗಂಡು ಧ್ವನಿಯನ್ನು ಬಿಳಿ ಐದಕ್ಕೆ ಏರಿಸಬೇಕಾದರೆ ಆರು ಅರ್ಧಸ್ವರಗಳಷ್ಟು (ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಅರ್ಧಸ್ವರ) ಎತ್ತಬೇಕಾಗುತ್ತದೆ. ಆಗ ಸ್ವರಸ್ಥಾನ ಸರಿಯಾಗಿದ್ದರೂ ಕಂಠ ತೆಳ್ಳಗಾಗಿ, ಕಲಿಯುವವರು ನಾದದ ತೂಕವನ್ನು ಅದರಿಂದ ಗ್ರಹಿಸಲಾಗುವುದಿಲ್ಲ. ಒಂದೆರಡು ಅರ್ಧಸ್ವರಗಳ ಬದಲಾವಣೆಗೆ ಮಾತ್ರ ಇದನ್ನು ಧೈರ್ಯವಾಗಿ ನಂಬಬಹುದು. ಇದಕ್ಕಿಂತ ಹೆಚ್ಚು ಉಪಕಾರವಾಗುವುದು ಹಳೆಯ ಕ್ಯಾಸೆಟ್‌ಗಳ ವಿಷಯದಲ್ಲಿ. ಟೇಪು ತುಸು ಜೋರಾಗಿ ಓಡಿ ವೇಗವೂ ಶ್ರುತಿಯೂ ಒಟ್ಟಿಗೆ ಏರಿರುವ ಮುದ್ರಣವನ್ನು, ಎರಡನ್ನೂ ಒಟ್ಟಿಗೆ ಇಳಿಸುವ ಇನ್ನೊಂದು ಸೌಲಭ್ಯದಿಂದ, ನಮ್ಮ ತಂಬೂರಿಗೆ ಕೂಡುವವರೆಗೆ ದಶಾಂಶದ ಲೆಕ್ಕದಲ್ಲಿ ಸರಿಪಡಿಸಬಹುದು. ಮನೆಯಲ್ಲಿ ಗುರುಗಳ ಪಾಠದ ಕ್ಯಾಸೆಟ್‌ಗಳನ್ನು ಜೋಪಾನ ಮಾಡಿಟ್ಟಿರುವವರಿಗೆ ಇದೊಂದಕ್ಕಾಗಿಯೇ ಆಡಾಸಿಟಿ ಬೇಕು ಎನ್ನುತ್ತೇನೆ.

ಆಯ್ದ ಭಾಗವನ್ನು ಮರಳಿ ಮರಳಿ ನುಡಿಸುವುದು ಸುಲಭ. ಕಂಟ್ರೋಲ್ ಮತ್ತು ಬಿ ಒತ್ತಿ ಪಲ್ಲವಿ, ಮುಕ್ತಾಯಿ ಸ್ವರ, ಚರಣ ಎಂದು ಕನ್ನಡದಲ್ಲಿಯೇ ಹೆಸರಿನ ಚೀಟಿ (ಲೇಬಲ್) ಅಂಟಿಸಿದರೆ ವರ್ಣ ಎಂಬ ಬಗೆಯ ರಚನೆಯ ಯಾವ ಭಾಗಕ್ಕಾದರೂ ನೇರವಾಗಿ ಹೋಗಬಹುದು.

ಸೋಲುವುದು ಬರವಣಿಗೆಯಲ್ಲಿ. ನಮ್ಮ ಸ್ವರಲಿಪಿಗೆ ತಾರಸ್ಥಾಯಿಯ ಮೇಲಿನ ಚುಕ್ಕೆ, ಮಂದ್ರದ ಕೆಳಗಿನ ಚುಕ್ಕೆ, ಎರಡನೆಯ ಕಾಲದ (ಇಮ್ಮಡಿ ವೇಗದ) ಮೇಲುಗೆರೆ, ಕಾರ್ವೆಯ (ಸ್ವರವನ್ನು ಎಳೆದು ನಿಲ್ಲಿಸುವುದರ) ಗುರುತು ಇವೆಲ್ಲ ಬೇಕು. ಆ ಚೀಟಿಗಳಲ್ಲಿ ಇವು ಕೂರುವುದಿಲ್ಲ. 2023ರ 3.4ನೇ ಆವೃತ್ತಿಯಲ್ಲಿ ಬಂದ ತಾಳದ ಮನೆಗಳ ಅಳತೆ (ಪೆಟ್ಟುಗಳನ್ನು ಸಮ ಅಂತರದಲ್ಲಿ ತೋರಿಸುವ ಗೆರೆಗಳು) ಯಂತ್ರದ ಲಯಕ್ಕೆ ಸರಿಹೊಂದುತ್ತದೆಯೇ ಹೊರತು, ಕಚೇರಿಯಲ್ಲಿ ಸಹಜವಾಗಿ ಬಿಗಿಯಾಗುತ್ತ ಹೋಗುವ ಆದಿತಾಳದ ಜೊತೆ ಕೆಲವೇ ಆವರ್ತಗಳಲ್ಲಿ ತಪ್ಪಿಹೋಗುತ್ತದೆ. ಮ್ಯೂಸ್‌ಸ್ಕೋರ್‌ನಂತಹ ಬರವಣಿಗೆಯ ತಂತ್ರಾಂಶಗಳು ಪಾಶ್ಚಾತ್ಯ ಐದು ಗೆರೆಗಳ ಲಿಪಿಗಾಗಿ ಹುಟ್ಟಿದವು. ಹಾಗಾಗಿ ಸ್ವರ, ಸಾಹಿತ್ಯ, ಧ್ವನಿ ಮೂರನ್ನೂ ಒಂದರ ಕೆಳಗೊಂದು ತೋರಿಸುವ ಸಾಧನದ ಕೊರತೆ ನಮ್ಮ ಸಂಗೀತಗಾರರಿಗೆ ನಿಜವಾಗಿಯೂ ಇದೆ; ತಂತ್ರಾಂಶ ಕಟ್ಟುವವರು ಗಮನಿಸಬೇಕಾದ ಜಾಗ ಇದೇ.

ಹೊಸ ಗೀತೆಗೆ ರಾಗ ಸಂಯೋಜಿಸುವವರು ಒಂದರ ಮೇಲೊಂದು ಧ್ವನಿಪದರ ಸೇರಿಸಲು ಇದನ್ನು ಬಳಸಬಹುದು. ಆದರೆ ಬ್ಲೂಟೂತ್ ಬಿಟ್ಟು ತಂತಿಯ ಇಯರ್‌ಫೋನ್ ಬಳಸಬೇಕು; ಇಲ್ಲವಾದರೆ ಎರಡನೆಯ ಪದರ ತಾಳಕ್ಕಿಂತ ಹಿಂದೆ ಬೀಳುತ್ತದೆ.

ಇದು ಮೊಬೈಲ್‌ಗೆ ದೊರೆಯದಿರುವುದು, ಫೋನಿನಲ್ಲಿಯೇ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ದೊಡ್ಡ ಅಡಚಣೆ. ಸದ್ಯಕ್ಕೆ ಗಣಕಯಂತ್ರದಲ್ಲಿ ವೇಗ ತಗ್ಗಿಸಿದ ಸಂಗತಿಗಳನ್ನು ಬೇರೆ ಬೇರೆ ಎಂಪಿ3 ಕಡತಗಳಾಗಿ ಉಳಿಸಿ ಫೋನಿಗೆ ಕಳಿಸಿಕೊಳ್ಳಬೇಕು. ಮೂಲ ಮುದ್ರಣದ ಪ್ರತಿಯೊಂದನ್ನು ಮುಟ್ಟದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.