ತೋಟದ ಮನೆಗೆ ಯಾವ ಬ್ಯಾಂಡ್: 700 ಮೆಗಾಹರ್ಟ್ಸಾ, 3300ರದ್ದಾ?

ಶಿವಮೊಗ್ಗ ಪೇಟೆಯಲ್ಲಿ ಹಾರಾಡುವ 5ಜಿ ತೀರ್ಥಹಳ್ಳಿ ದಾಟಿ ತೋಟದ ಮನೆಗೆ ಬಂದರೆ ಮಂಕಾಗುತ್ತದೆ. ಸಿಮ್ ಬದಲಿಸುವ ಮೊದಲು ಬ್ಯಾಂಡ್ ನೋಡಿ, ಅಂದರೆ ಸಿಗ್ನಲ್ ಯಾವ ಆವರ್ತನದ ರೇಡಿಯೋ ಅಲೆಯಲ್ಲಿ ಬರುತ್ತದೆ ಅಂತ.

3300ರಲ್ಲಿ ಜಾಗ ಜಾಸ್ತಿ. 2022ರ ಸ್ಪೆಕ್ಟ್ರಂ (ರೇಡಿಯೋ ಅಲೆಗಳ) ಹರಾಜಿನಲ್ಲಿ ಜಿಯೋ ಈ ಬ್ಯಾಂಡಿನಲ್ಲಿ ಕನಿಷ್ಠ 100 ಮೆಗಾಹರ್ಟ್ಸ್ ಕೊಂಡಿತು, 700ರಲ್ಲಿ ಬರೀ 10. ಮನೆಮಂದಿಯೆಲ್ಲ ಒಟ್ಟಿಗೆ ವಿಡಿಯೋ ನೋಡುವ ಕಾಲ ಅಲ್ವಾ, ವೇಗ ಬೇಕಾದರೆ ಈ ಅಗಲ ಬೇಕು. ಆದರೆ ಇದರ ಅಲೆಯ ಉದ್ದ ಒಂಬತ್ತು ಸೆಂಟಿಮೀಟರ್ ಅಷ್ಟೇ. ಮಳೆ ಹನಿ ಅದನ್ನು ತಡೆಯುವುದು ಕಡಿಮೆ. ನೆನೆದ ಎಲೆ, ಕಲ್ಲಿನ ಗೋಡೆ, ಅಡ್ಡ ನಿಂತ ಗುಡ್ಡ ಮಾತ್ರ ಚೆನ್ನಾಗಿಯೇ ತಡೆಯುತ್ತವೆ.

700ರ ಅಲೆ ಸುಮಾರು 43 ಸೆಂಟಿಮೀಟರ್. ಗುಡ್ಡದ ಅಂಚಿನಲ್ಲಿ ತುಸು ಬಾಗಿ ಇಳಿಯುತ್ತದೆ, ಅಡಿಕೆ ಮರಗಳ ನಡುವೆ ನುಸುಳುತ್ತದೆ, ಒಳಕೋಣೆಗೂ ಬರುತ್ತದೆ. ವೇಗ ಸಾಧಾರಣ. ಸಂಜೆ ಊರೆಲ್ಲ ಫೋನ್ ಹಿಡಿದಾಗ ಇನ್ನೂ ಇಳಿಯುತ್ತದೆ.

ಟವರ್ ಕಣ್ಣಿಗೆ ಕಂಡರೆ 3300 ತಗೊಳ್ಳಿ. ಕಾಣದಿದ್ದರೆ, ನನ್ನ ಮಟ್ಟಿಗೆ, 700ಕ್ಕೇ ಮತ. ಏರ್‌ಟೆಲ್ ಆ ಹರಾಜಿನಲ್ಲಿ 700 ಕೊಳ್ಳಲಿಲ್ಲ. ಬಿಎಸ್ಎನ್ಎಲ್ 4ಜಿಗೆ ಅದನ್ನು ಬಳಸುತ್ತದೆ, ಆದರೆ ನಿಮ್ಮ ಫೋನಿನಲ್ಲಿ ಬ್ಯಾಂಡ್ 28 (700ಕ್ಕೆ ಫೋನಿನ ವಿವರಗಳಲ್ಲಿರುವ ಹೆಸರು) ಇರಬೇಕು. ಹಳೇ ಫೋನಾದರೆ ಇದನ್ನು ಮೊದಲೇ ನೋಡಿಕೊಳ್ಳಿ, ಸುಮ್ನೆ ಸಿಮ್ ತಂದು ಪ್ರಯೋಜನವಿಲ್ಲ. 5ಜಿ ಆದರೆ ಸಿಗ್ನಲ್ ತೋರಿಸುವ ಆ್ಯಪಿನಲ್ಲಿ ಎನ್28 ಅಂದರೆ 700, ಎನ್78 ಅಂದರೆ 3300.

ಫೈಬರ್ ಮನೆವರೆಗೆ ಬರುವುದಾದರೆ ಎರಡಕ್ಕಿಂತಲೂ ವಾಸಿ, ಮರ ಬಿದ್ದು ತಂತಿ ಹರಿಯುವ ತನಕ. ಇನ್ನೊಂದು: ಕರೆಂಟ್ ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ.