ಬದಿಯಡ್ಕದ ಎರಡು ಮಳೆಗಾಲ ಮತ್ತು ₹1,899ರ ಮೆಕ್ಯಾನಿಕಲ್ ಕೀಬೋರ್ಡ್

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ಆಡುವವಳಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ ಸಂಜೆ ಆರರ ತನಕ ಟೈಪಿಂಗೇ ಟೈಪಿಂಗು. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಕನ್ನಡ ಮೀಡಿಯಂ ಶಾಲೆಯ ಪ್ರಶ್ನೆಪತ್ರಿಕೆ, ಪಂಚಾಯತಿಗೆ ಮಲಯಾಳದಲ್ಲಿ ಅರ್ಜಿ, ಯಾರದೋ ಗಲ್ಫಿನಲ್ಲಿರುವ ಮಗನಿಗೆ ಇಂಗ್ಲಿಷ್ ಬಯೋಡೇಟಾ. ಒಂದೇ ದಿನ ಮೂರು ಲಿಪಿ. ಹಾಗಾಗಿ ಯೂಟ್ಯೂಬಿನಲ್ಲಿ ಕೀಬೋರ್ಡ್ ವಿಮರ್ಶೆ ಮಾಡುವ ಹುಡುಗರು ಹೇಳುವುದರಲ್ಲಿ ಅರ್ಧ ನನಗೆ ಬೇಡ, ನನಗೆ ಬೇಕಾದ ಅರ್ಧ ಅವರಿಗೆ ಗೊತ್ತಿಲ್ಲ. ಆ ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಕೀಬೋರ್ಡ್ ಬರುವವರೆಗೆ ನಾನು ಬಳಸುತ್ತಿದ್ದದ್ದು ₹450ರ ಮಾಮೂಲಿ ಮೆಂಬ್ರೇನ್ ಕೀಬೋರ್ಡ್, ಕೀ ಕೆಳಗೆ ರಬ್ಬರಿನ ಗುಳ್ಳೆ ಇರುವಂಥದ್ದು. ಎಂಟೊಂಬತ್ತು ತಿಂಗಳಿಗೆ ಒಂದು ಸಾಯುತ್ತಿತ್ತು. ಪ್ರತಿ ಸಲವೂ ಮೊದಲು ಸಾಯುವುದು ಡಿ ಕೀ. ಕಾರಣ ಸರಳ. ನಾನು ಹೊಡೆಯುವ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಗುರುತು, ಮಲಯಾಳದವರ ಚಂದ್ರಕ್ಕಲ, ಇರುವುದು ಆ ಕೀಯಲ್ಲಿ. ‘ಬ್ರಹ್ಮಕಲಶೋತ್ಸವ’ ಅಂತ ಒಂದು ಸಲ ಹೊಡೆಯಲು ಹದಿನಾಲ್ಕು ಕೀ ಒತ್ತಬೇಕು, ಅದರಲ್ಲಿ ಮೂರು ಸಲ ಡಿ. ಒಂದು ಆಮಂತ್ರಣದಲ್ಲಿ ಆ ಶಬ್ದ ಎಷ್ಟು ಸಲ ಬರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಲಯಾಳ ಹೊಡೆಯುವಾಗಲೂ ಅದೇ ಬೆರಳು, ಅದೇ ಕೀ. ರಬ್ಬರ್ ಸವೆದ ಮೇಲೆ ಅಡಿಮುಟ್ಟ ಒತ್ತಿದರೂ ಅಕ್ಷರ ಬೀಳುವುದಿಲ್ಲ, ಮತ್ತೆ ಗುದ್ದಬೇಕು. ಸಂಜೆಯಾಗುವಾಗ ಎಡಗೈ ನಡುಬೆರಳಿನ ಬುಡ ಉರಿಯುತ್ತಿತ್ತು.

2023ರ ಜುಲೈ. ಹೊರಗೆ ಆಟಿಯ ಮಳೆ, ಅಂಗಡಿಗೆ ಜನ ಇಲ್ಲ. ಎರಡು ಸಾವಿರದೊಳಗೆ ಒಂದು ಮೆಕ್ಯಾನಿಕಲ್, ಅಂದರೆ ಪ್ರತಿ ಕೀಯ ಅಡಿಗೂ ಸ್ಪ್ರಿಂಗಿನ ಬೇರೆಯೇ ಸ್ವಿಚ್ ಇರುವ ಕೀಬೋರ್ಡ್, ತೆಗೆದುಕೊಳ್ಳುವುದೆಂದು ತೀರ್ಮಾನ ಮಾಡಿದೆ. ಮೊದಲು ಮನಸ್ಸಿನಲ್ಲಿದ್ದದ್ದು ಟಿವಿಎಸ್ ಗೋಲ್ಡ್. ಹಳೆಯ ಡಿಟಿಪಿಯವರಿಗೆ ಅದು ಗೊತ್ತೇ ಇರುತ್ತದೆ. ಟಕಟಕ ಅಂತ ಅಂಗಡಿಯ ಹೊರಗೂ ಕೇಳಿಸುವ, ವರ್ಷಗಟ್ಟಲೆ ಬಾಳುವ ಕೀಬೋರ್ಡ್. ಆದರೆ ಆಗ ಅದರ ಬೆಲೆ ನನ್ನ ಎರಡು ಸಾವಿರ ದಾಟುತ್ತಿತ್ತು. ಇನ್ನೊಂದು ಸಂಗತಿ ಎಂದರೆ ನನ್ನ ಮೇಜಿನ ಅರ್ಧ ಭಾಗ ಪ್ರಿಂಟರಿಗೇ ಹೋಗಿದೆ. ಪೂರ್ತಿ 104 ಕೀಯ ಬೋರ್ಡ್ ಇಟ್ಟರೆ ಮೌಸಿಗೆ ಜಾಗವಿಲ್ಲ.

ಹಾಗಾಗಿ ಚಿಕ್ಕದೇ ಸಾಕು ಎಂದು 61 ಕೀಯ, 60 ಪರ್ಸೆಂಟ್ ಎಂದು ಕರೆಯುವ ಒಂದನ್ನು ತರಿಸಿದೆ. ಪಾರ್ಸೆಲ್ ಕಾಸರಗೋಡಿನ ತನಕ ಎರಡು ದಿನದಲ್ಲಿ ಬಂತು. ಅಲ್ಲಿಂದ ಬದಿಯಡ್ಕಕ್ಕೆ ಮೂರು ದಿನ. ನಡೆದುಕೊಂಡು ಬಂದರೂ ಬೇಗ ಬರುತ್ತಿತ್ತು. ಇರಲಿ. ಚಂದ ಇತ್ತು, ಮುದ್ದಾಗಿತ್ತು. ಮೊದಲ ಆಮಂತ್ರಣ ಹೊಡೆಯಲು ಕುಳಿತೆ. ‘ಪಾಲ್ಗೊಂಡು’ ಎಂಬಲ್ಲಿ ಕೈ ನಿಂತಿತು. ಗ ಬಂತು, ಗೊ ಬರುವುದಿಲ್ಲ!

ಅಂಕಿ 1ರ ಎಡಗಡೆ, ಎಸ್ಕೇಪ್‌ನ ಕೆಳಗೆ ಒಂದು ಕೀ ಇರುತ್ತದಲ್ಲ, ಇಂಗ್ಲಿಷ್ ಹೊಡೆಯುವವರು ವರ್ಷಕ್ಕೊಮ್ಮೆಯೂ ಮುಟ್ಟದ ಕೀ, ಇನ್‌ಸ್ಕ್ರಿಪ್ಟ್‌ನಲ್ಲಿ ‘ೊ’ ಇರುವುದು ಅಲ್ಲಿ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ‘ಒ’. 60 ಪರ್ಸೆಂಟ್ ಬೋರ್ಡಿನಲ್ಲಿ ಆ ಜಾಗದಲ್ಲಿ ಎಸ್ಕೇಪ್ ಕುಳಿತಿರುತ್ತದೆ. ಎಫ್‌ಎನ್ (Fn) ಕೀ ಹಿಡಿದು ಎಸ್ಕೇಪ್ ಒತ್ತಿದರೆ ‘ೊ’, ಎಫ್‌ಎನ್ ಜತೆ ಶಿಫ್ಟ್ ಕೂಡ ಹಿಡಿದರೆ ‘ಒ’. ‘ಒಂದು’ ಎಂದು ಬರೆಯಲು ಎರಡು ಕೈ ಸಾಲದು. ಒಳ್ಳೆಯದು, ಕೊಡು, ಹೊಸ, ತೊಂದರೆ, ಎಲ್ಲದಕ್ಕೂ ಇದೇ ಸರ್ಕಸ್. ಮಲಯಾಳಕ್ಕೂ ಅದೇ ಕೀ, ಆದ್ದರಿಂದ ಕೊಚ್ಚಿ, ಕೊಲ್ಲಂ ಎರಡೂ ಊರು ಕೈತಪ್ಪಿ ಹೋದವು. ಏಳು ದಿನದೊಳಗೆ ಹಿಂದೆ ಕಳುಹಿಸಿದೆ. 65 ಪರ್ಸೆಂಟ್ ಎಂದು ಮಾರುವ ಎಷ್ಟೋ ಬೋರ್ಡುಗಳಲ್ಲಿಯೂ ಇದೇ ಕಥೆ. ಫೋಟೋ ದೊಡ್ಡದು ಮಾಡಿ ಎಡ ಮೂಲೆ ನೋಡಿಯೇ ಹಣ ಕಟ್ಟಿ.

ಗಡಿಯಾಚೆ ಮಂಗಳೂರಿನ ಕಡೆ ನುಡಿ ಎಂಬ ಕನ್ನಡ ತಂತ್ರಾಂಶ ಬಳಸುವವರಿಗೆ ಈ ತಾಪತ್ರಯವಿಲ್ಲ. ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ೊ’ ಇರುವುದು ಇಂಗ್ಲಿಷಿನ ಓ ಕೀಯಲ್ಲೇ, ಒತ್ತಿಗೆ ಎಫ್. ಅವರು 61 ಕೀ ಧಾರಾಳವಾಗಿ ತೆಗೆದುಕೊಳ್ಳಬಹುದು. ಇಲ್ಲಿ ನಮಗೆ ಇನ್‌ಸ್ಕ್ರಿಪ್ಟ್ ಅಭ್ಯಾಸವಾದದ್ದು ಮಲಯಾಳದ ದೆಸೆಯಿಂದ. ಸರ್ಕಾರಿ ಕಚೇರಿ, ಶಾಲೆಯ ಐಟಿ ಪಾಠ, ಎಲ್ಲ ಕಡೆ ಅದೇ ನಡೆಯುವುದು. 1991ರ ಐಎಸ್ 13194 ಎಂಬ ಭಾರತೀಯ ಮಾನಕದಲ್ಲಿ ಸೇರಿದ ಈ ವಿನ್ಯಾಸದ ಒಂದು ಗುಣ ಎಂದರೆ ಕನ್ನಡ, ಮಲಯಾಳದಂಥ ಭಾರತದ ಲಿಪಿಗಳಿಗೆಲ್ಲ ಒಂದೇ ಜಾಗ. ಕೆ ಒತ್ತಿದರೆ ಕನ್ನಡದಲ್ಲೂ ಕ, ಮಲಯಾಳದಲ್ಲೂ ಕ. ಎರಡು ಭಾಷೆಯಲ್ಲಿ ಹೊಟ್ಟೆ ಹೊರೆಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಎರಡನೆಯ ಸಲ 87 ಕೀಯದು, ಟಿಕೆಎಲ್ ಎಂದು ಕರೆಯುತ್ತಾರೆ, ₹1,899ಕ್ಕೆ ಬಂತು. ಬಲಗಡೆಯ ಅಂಕಿಗಳ ಗುಂಪು ಮಾತ್ರ ಇಲ್ಲ, ಉಳಿದದ್ದೆಲ್ಲ ಇದ್ದಲ್ಲೇ ಇದೆ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೂ ಪ್ರಯೋಜನ ಕಡಿಮೆ. ಅದೇ ಬೋರ್ಡ್, ಅದೇ ಅಚ್ಚು, ಮೇಲಿನ ಹೆಸರು ಮಾತ್ರ ಬೇರೆ ಮಾಡಿ ಇನ್ನೆರಡು ಕಡೆ ಮಾರುವುದನ್ನು ನೋಡಿದ್ದೇನೆ. ಹೆಸರಿಗಿಂತ ಸ್ವಿಚ್ ಯಾವುದು, ಕಳಚಿ ಹಾಕಲಿಕ್ಕೆ ಆಗುತ್ತದೋ ಇಲ್ಲವೋ ಎಂದು ನೋಡುವುದು ಒಳ್ಳೆಯದು.

ಸ್ವಿಚ್ ವಿಷಯ ಚುಟುಕಾಗಿ: ಮೂಲ ಜರ್ಮನಿಯ ಚೆರ್ರಿ ಕಂಪನಿಯದು. ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟರಾನ್, ಕೈಲ್, ಔಟೆಮು ಮುಂತಾದವರು ಅದೇ ಮಾದರಿಯಲ್ಲಿ ಮಾಡತೊಡಗಿದರು, ನಮ್ಮಂಥವರ ಕೈಗೆ ಎಟುಕುವ ಬೆಲೆ ಬಂದದ್ದು ಆಮೇಲೆ. ಕೀ ಒಟ್ಟು 4 ಮಿ.ಮೀ. ಇಳಿಯುತ್ತದೆ, ಅಕ್ಷರ ಬೀಳುವುದು ಸುಮಾರು 2 ಮಿ.ಮೀ.ಗೇ. ಅಂದರೆ ಅಡಿಮುಟ್ಟ ಗುದ್ದಬೇಕಾಗಿಲ್ಲ. ನನ್ನ ಬೆರಳು ಉಳಿದದ್ದು ಇದರಿಂದಲೇ, ಬಣ್ಣದ ದೀಪದಿಂದಲ್ಲ. ಕೆಂಪು ಸ್ವಿಚ್ ಸರಾಗ ಇಳಿಯುತ್ತದೆ. ಬ್ರೌನ್‌ನಲ್ಲಿ ನಡುವೆ ಸಣ್ಣ ತಡೆ ಸಿಗುತ್ತದೆ. ನೀಲಿಯಲ್ಲಿ ತಡೆಯೂ ಉಂಟು, ಟಿಕ್ ಎಂಬ ಸದ್ದೂ ಉಂಟು. ನಾನು ಟೈಪ್‌ರೈಟಿಂಗ್ ಕಲಿತವಳು, ಸದ್ದಿಲ್ಲದಿದ್ದರೆ ಅಕ್ಷರ ಬಿದ್ದ ಸಮಾಧಾನವಿಲ್ಲ. ನೀಲಿಯೇ ತಗೊಂಡೆ.

ಪಕ್ಕದ ಅಂಗಡಿಯ ಟೈಲರಣ್ಣ ಮೂರನೆಯ ದಿನ ಬಾಗಿಲಲ್ಲಿ ನಿಂತು ಕೇಳಿದರು: “ಎಂತಕ್ಕ, ಹಂಚಿನ ಮೇಲೆ ಅಡಿಕೆ ಸುರಿದ ಹಾಗೆ ಕೇಳ್ತದಲ್ಲ? ನನ್ನ ಮೆಷಿನ್ನೇ ಇದಕ್ಕಿಂತ ಮೆತ್ತಗೆ.” ನಾಲ್ಕು ಜನ ಕುಳಿತು ಕೆಲಸ ಮಾಡುವ ಕೋಣೆಗೆ, ರಾತ್ರಿ ಮಗು ಮಲಗಿರುವ ಮನೆಗೆ ನೀಲಿ ಬೇಡ.

ಇನ್ನು ಮಳೆಗಾಲ. ಇಲ್ಲಿನ ಜೂನ್ ಜುಲೈ ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಸು ಬರುತ್ತದೆ, ಎ4 ಕಾಗದ ಪ್ರಿಂಟರಿನಲ್ಲಿ ಹಪ್ಪಳದ ಹಿಟ್ಟಿನ ಹಾಗೆ ಸುತ್ತಿಕೊಳ್ಳುತ್ತದೆ. ಮೊದಲ ಮಳೆಗಾಲ ಕೀಬೋರ್ಡ್ ಏನೂ ತಕರಾರಿಲ್ಲದೆ ದಾಟಿತು. ಎರಡನೆಯದರಲ್ಲಿ ಸ್ಪೇಸ್‌ಬಾರ್ ತೆಗೆದು ನೋಡಿದರೆ ಅಡಿಯ ಸರಿಗೆಯ ಮೇಲೆ ಕೆಂಪು ತುಕ್ಕು. ಸ್ಪೇಸ್‌ಬಾರ್ ಕಿರಗುಟ್ಟತೊಡಗಿತು. ಟೈಲರಣ್ಣ ಪ್ರೀತಿಯಿಂದ ತಮ್ಮ ಮೆಷಿನ್ ಎಣ್ಣೆ ಕೊಟ್ಟರು, ನಾನೂ ಎರಡು ಹನಿ ಬಿಟ್ಟೆ. ಆ ಎಣ್ಣೆ ನೀರಿನಷ್ಟು ತೆಳು. ಸರಿಗೆಯಲ್ಲಿ ನಿಲ್ಲದೆ ಇಳಿದು ಪಕ್ಕದ ಸ್ವಿಚ್ಚಿನೊಳಗೆ ಹೋಯಿತು, ಅಲ್ಲಿ ಧೂಳು ಸೇರಿ ಮಡ್ಡಿಯಾಯಿತು, ಸ್ಪೇಸ್‌ಬಾರ್ ಒತ್ತಿದರೆ ಮೇಲೆ ಬರಲು ಆಲೋಚಿಸತೊಡಗಿತು. ಆಮೇಲೆ ಗಟ್ಟಿ ಸಿಲಿಕೋನ್ ಗ್ರೀಸ್ ತರಿಸಿ ಬೆಂಕಿಕಡ್ಡಿಯ ತುದಿಯಲ್ಲಿ ತುಸುವೇ ಹಚ್ಚಿದೆ. ಈಗ ಸದ್ದಿಲ್ಲ. ಎಣ್ಣೆ ಕುಡಿದ ಸ್ವಿಚ್ ಬದಲಾಯಿಸಬೇಕಾಯಿತು.

ಆ ಬದಲಾಯಿಸುವ ಸೌಕರ್ಯ ಇಲ್ಲದಿದ್ದರೆ ನನ್ನ ₹1,899 ಅದೇ ವರ್ಷ ಗುಜರಿಗೆ ಹೋಗುತ್ತಿತ್ತು. ಹಾಟ್‌ಸ್ವಾಪ್ ಎಂದರೆ ಸ್ವಿಚ್ಚನ್ನು ಬೆಸುಗೆ ಬಿಚ್ಚದೆಯೇ ಚಿಮಟದಿಂದ ಎಳೆದು ಬೇರೆ ಹಾಕಬಹುದು. ಇದು ಬೇಕೇ ಬೇಕು ಎಂದು ನನಗೆ ಮನದಟ್ಟಾದದ್ದು ಒಂದು ಮದುವೆ ಕಾಗದದಿಂದ. ಆಗಸ್ಟಿನ ಒಂದು ಬೆಳಿಗ್ಗೆ ಸಿ ಕೀ, ಅಂದರೆ ನಮ್ಮ ಮ, ಒಂದು ಸಲ ಒತ್ತಿದರೆ ಎರಡು ಸಲ ಬೀಳತೊಡಗಿತು. ಎಲ್ಲ ಸಲವೂ ಅಲ್ಲ, ಅದೇ ಕಷ್ಟ. ಕನ್ನಡ ಪ್ರೂಫ್ ನೋಡಿಕೊಡುವ ನೀರ್ಚಾಲಿನ ನಿವೃತ್ತ ಮಾಸ್ಟ್ರು ಕನ್ನಡಕ ಹಣೆಗೇರಿಸಿ ಕಾಗದ ನನ್ನ ಮುಂದಿಟ್ಟರು. ತಲೆಬರಹ ‘ಮಮಮತೆಯ ಕರೆಯೋಲೆ’.

“ಎಂತ ಮಾರಾಯ್ತಿ, ಮಮತೆ ಸ್ವಲ್ಪ ಜಾಸ್ತಿಯಾಯ್ತಲ್ಲ?”

ಒಂದು ಸಾವಿರ ಕಾಪಿ ಪ್ರೆಸ್ಸಿಗೆ ಹೋಗುವ ಮೊದಲು ಸಿಕ್ಕಿಬಿತ್ತು, ಪುಣ್ಯ. ಸ್ವಿಚ್ಚಿನೊಳಗೆ ತಾಗುವ ಲೋಹದ ಎಲೆ ತೇವಕ್ಕೆ ಮಂಕಾದರೆ, ಧೂಳು ಕೂತರೆ ಸಂಪರ್ಕ ನಡುಗುತ್ತದೆ. ಕಂಪ್ಯೂಟರಿಗೆ ಅದು ಎರಡು ಒತ್ತಿನ ಹಾಗೆ ಕಾಣುತ್ತದೆ. ಕಂಪನಿಗೆ ಮೇಲ್ ಹಾಕಿದೆ. ವಾರಂಟಿ ಒಂದು ವರ್ಷ, ದಾಟಿ ಹದಿನೈದು ದಿನವಾಗಿತ್ತು. ಬೇಕಾದರೆ ನಿಮ್ಮ ಖರ್ಚಿನಲ್ಲಿ ಕೊರಿಯರ್ ಮಾಡಿ, ರಿಪೇರಿಗೆ ಬೇರೆ ಹಣ ಎಂಬ ಉತ್ತರ ಎಂಟು ದಿನದ ಮೇಲೆ ಬಂತು. ಅಷ್ಟರೊಳಗೆ ಬಾಕ್ಸಿನಲ್ಲಿದ್ದ ಎರಡು ಹೆಚ್ಚುವರಿ ಸ್ವಿಚ್‌ಗಳಲ್ಲಿ ಒಂದನ್ನು ಹಾಕಿ ಐದು ನಿಮಿಷದಲ್ಲಿ ಕೆಲಸ ಮುಗಿಸಿದ್ದೆ. ಇನ್ನೊಂದು ಎಣ್ಣೆಯ ಪ್ರಾಯಶ್ಚಿತ್ತಕ್ಕೆ ಹೋಯಿತು.

ಆಮೇಲೆ ಸ್ವಲ್ಪ ಸದ್ದು ಕಡಿಮೆ ಮಾಡೋಣ ಎಂದು ಬೇರೊಂದು ಕಂಪನಿಯ ಬ್ರೌನ್ ಸ್ವಿಚ್ ಹತ್ತು ತರಿಸಿದೆ. ಒಂದೂ ಒಳಗೆ ಹೋಗಲಿಲ್ಲ. ಒತ್ತಿದಾಗ ಒಂದರ ಪಿನ್ ಮಡಚಿ ನೊಣದ ಕಾಲಿನ ಹಾಗಾಯಿತು. ಅಗ್ಗದ ಕೆಲವು ಬೋರ್ಡುಗಳ ಸಾಕೆಟ್‌ನಲ್ಲಿ ತೆಳು ಪಿನ್ನಿನ ಸ್ವಿಚ್ ಮಾತ್ರ ಹಿಡಿಯುತ್ತದೆ ಎಂಬುದು ವಿವರದ ಪಟ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ. ₹280 ದಂಡ. ಕೊಳ್ಳುವ ಮೊದಲು ಯಾವ ಸ್ವಿಚ್ ಹಿಡಿಯುತ್ತದೆ ಎಂದು ಮಾರುವವನನ್ನು ಕೇಳಿ, ಉತ್ತರ ಕೊಡದಿದ್ದರೆ ಬಿಡಿ.

ಕೀಕ್ಯಾಪ್, ಅಂದರೆ ಬೆರಳು ತಾಗುವ ಮೇಲಿನ ಟೋಪಿಯ ಬಗ್ಗೆ ನನಗೆ ಅಸಮಾಧಾನವಿದೆ. ಎಬಿಎಸ್ ಪ್ಲಾಸ್ಟಿಕ್, ಮೇಲೆ ಕಪ್ಪು ಬಣ್ಣ ಬಳಿದು ಅಕ್ಷರದ ಜಾಗದಲ್ಲಿ ಬಣ್ಣ ಸುಟ್ಟು ತೆಗೆದದ್ದು. ಆರು ತಿಂಗಳಿಗೆ ಡಿ ಕೀ ಎಣ್ಣೆ ಹಚ್ಚಿದ ಹಾಗೆ ಹೊಳೆಯತೊಡಗಿತು. ವರ್ಷ ಕಳೆದ ಮೇಲೆ ಬಣ್ಣವೇ ಎದ್ದು, ದೀಪ ಹಾಕಿದರೆ ಅಲ್ಲೊಂದು ತೂತು ಬಿದ್ದ ಹಾಗೆ ಬೆಳಕು. ಸ್ವಲ್ಪ ಹೆಚ್ಚು ಕೊಟ್ಟು ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಅದರಲ್ಲೂ ಡಬಲ್‌ಶಾಟ್ ಅಕ್ಷರದ್ದು ತೆಗೆದುಕೊಂಡರೆ ಈ ತೊಂದರೆ ಅಷ್ಟಿರುವುದಿಲ್ಲ. ಅಕ್ಷರ ಬೇರೆ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುವುದರಿಂದ ಸವೆದು ಹೋಗುವ ಮಾತಿಲ್ಲ. ಕನ್ನಡ ಅಕ್ಷರದ ಸ್ಟಿಕರ್ ಮಾತ್ರ ಈ ಊರಿನಲ್ಲಿ ಅಂಟಿಸಬೇಡಿ. ಮಳೆಗಾಲದಲ್ಲಿ ಅಂಟು ಕರಗಿ ಬೆರಳಿಗೆ ಹತ್ತುತ್ತದೆ, ಆ ಅಂಟಿಗೆ ಇರುವೆ ಬರುತ್ತದೆ.

ಇನ್ನೊಂದು ದಿನದ ಕಥೆ ಹೇಳದಿದ್ದರೆ ಆಗದು. ನಾನು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ ಕನ್ನಡ, ಮಲಯಾಳ, ಇಂಗ್ಲಿಷ್ ಬದಲಿಸುವವಳು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ಭಾಷೆ ಬದಲುವುದೇ ಇಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಕನ್ನಡ ತೆಗೆದು ಪುನಃ ಹಾಕಿದೆ, ವೈರಸ್ ಇರಬಹುದೆಂದು ಹೆದರಿದೆ. ಎದುರಿಗೆ ಮಲಯಾಳ ಅರ್ಜಿಗೆ ಕಾದು ಕುಳಿತವರು ಇಬ್ಬರು. ಕೊನೆಗೆ ನನ್ನ ಜತೆ ಕೆಲಸ ಮಾಡುವ ಹುಡುಗಿ ಕಂಡುಹಿಡಿದಳು: “ಅಕ್ಕಾ, ಮೇಜು ಒರೆಸುವಾಗ ನನ್ನಿಂದ ಎಂತದೋ ಒತ್ತಿಹೋಗಿದೆ ಕಾಣ್ತದೆ.” ಗೇಮ್ ಆಡುವಾಗ ತಪ್ಪಿ ವಿಂಡೋಸ್ ಕೀ ತಾಗಬಾರದೆಂದು ಎಫ್‌ಎನ್ ಮತ್ತು ವಿಂಡೋಸ್ ಒಟ್ಟಿಗೆ ಒತ್ತಿದರೆ ಆ ಕೀ ಸತ್ತುಹೋಗುವ ಏರ್ಪಾಡು ಈ ಬೋರ್ಡುಗಳಲ್ಲಿ ಇರುತ್ತದೆ. ಪುನಃ ಹಾಗೆಯೇ ಒತ್ತಿದರೆ ಜೀವ ಬರುತ್ತದೆ. ನಾನು ಅರ್ಧ ದಿನ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ.

ದೀಪದ ಬಗ್ಗೆ ಬರೆಯಲು ಏನಿಲ್ಲ. ಮೊದಲ ವಾರ ಮಗ ಬಂದು ಹದಿನೆಂಟು ನಮೂನೆ ಮಿನುಗಿಸಿದ, ಆಮೇಲೆ ಆಫ್ ಮಾಡಿದ್ದೇನೆ. ಕೇಬಲ್ ಟೈಪ್ ಸಿ, ಕಳಚುವಂಥದ್ದು, ಇಲಿ ಕಡಿದರೂ ಬೇರೆ ಹಾಕಬಹುದು.

ಹಣದ ಲೆಕ್ಕ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮೆಕ್ಯಾನಿಕಲ್ ಅಗ್ಗವಲ್ಲ. ಈ ಅವಧಿಯಲ್ಲಿ ₹450ರದ್ದು ಮೂರು ಕೊಂಡಿದ್ದರೂ ₹1,350. ಇದಕ್ಕೆ ಕೀಬೋರ್ಡ್, ಹಾಳಾದ ಬ್ರೌನ್ ಸ್ವಿಚ್, ಆಮೇಲೆ ತರಿಸಿದ ಸರಿಯಾದ ತೆಳು ಪಿನ್ನಿನ ಹತ್ತು ಸ್ವಿಚ್, ಗ್ರೀಸ್ ಎಲ್ಲ ಸೇರಿ ಎರಡೂವರೆ ಸಾವಿರ ಹತ್ತಿರ ಬಂದಿದೆ. ಉಳಿತಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದಿನಕ್ಕೆ ಒಂದು ಪುಟ ಹೊಡೆಯುವವರಿಗೆ ₹450ರದ್ದೇ ಧಾರಾಳ. ನನಗೆ ಮಾತ್ರ ಸಂಜೆ ಮನೆಗೆ ಹೋಗಿ ತೆಂಗಿನಕಾಯಿ ತುರಿಯುವಾಗ ಬೆರಳು ಉರಿಯುವುದಿಲ್ಲ.

ಈಗ ರಾತ್ರಿ ಅಂಗಡಿ ಮುಚ್ಚುವಾಗ ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕುತ್ತೇನೆ, ಜತೆಗೆ ಮಾತ್ರೆ ಬಾಟಲಿಗಳಿಂದ ಕೂಡಿಸಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು. ಹತ್ತು ಸ್ವಿಚ್ಚಿನಲ್ಲಿ ಎಂಟು ಉಳಿದಿವೆ. ಕಳೆದ ತಿಂಗಳು ಹುಡುಗಿಯ ಕಂಪ್ಯೂಟರಿಗೂ ಇಂಥದ್ದೇ ಒಂದು ತರಿಸಿದೆ, 87 ಕೀಯದ್ದೇ, ಟೈಲರಣ್ಣನ ಮೇಲಿನ ದಯೆಯಿಂದ ಬ್ರೌನ್ ಸ್ವಿಚ್. ಅವಳು ಹೆಚ್ಚು ಹೊಡೆಯುವುದು ಇಂಗ್ಲಿಷ್. ಅದರ ಡಿ ಕೀ ಇನ್ನೂ ಕಪ್ಪಾಗಿಯೇ ಇದೆ.